ಬೆಂಕಿ ಬಿದ್ದ ಕಟ್ಟಡದ ವೆಂಟಿಲೇಷನ್: ಪರೀಕ್ಷಾ ಟಿಪ್ಪಣಿ

1. ಅರ್ಥ: ಉರಿಯುವ ಕಟ್ಟಡದಿಂದ ಹೊಗೆ, ಶಾಖ, ವಿಷಾನಿಲಗಳನ್ನು ಯೋಜಿತವಾಗಿ ಹೊರಹಾಕುವ ಕ್ರಮ.

2. ಅಗ್ನಿ ತ್ರಿಕೋನ: ಇಂಧನ, ಶಾಖ, ಆಮ್ಲಜನಕ. ವೆಂಟಿಲೇಷನ್ ಶಾಖವನ್ನು ಹೊರಬಿಟ್ಟರೂ ಆಮ್ಲಜನಕವನ್ನು ಒಳತರುತ್ತದೆ.

3. ದಿಕ್ಕಿನ ಆಧಾರದ ವಿಧಗಳು
- ಲಂಬ: ಚಾವಣಿಯ ಮೂಲಕ
- ಅಡ್ಡ: ಬಾಗಿಲು, ಕಿಟಕಿಗಳ ಮೂಲಕ

4. ವಿಧಾನಗಳು
- ನೈಸರ್ಗಿಕ: ಗಾಳಿ ಮತ್ತು ಬಿಸಿ ಹೊಗೆಯ ಏರುವ ಗುಣ
- ಧನಾತ್ಮಕ ಒತ್ತಡ: ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆ ನೂಕುತ್ತದೆ
- ಋಣಾತ್ಮಕ ಒತ್ತಡ: ಫ್ಯಾನ್ ಒಳಗಿನ ಹೊಗೆಯನ್ನು ಹೊರಗೆಳೆಯುತ್ತದೆ
- ಹೈಡ್ರಾಲಿಕ್: ಕಿಟಕಿಯಿಂದ ಹೊರಕ್ಕೆ ಚಿಮ್ಮಿಸಿದ ನೀರಿನ ತುಂತುರು ಹೊಗೆಯನ್ನು ಸೆಳೆದೊಯ್ಯುತ್ತದೆ

5. ಸುರಕ್ಷತಾ ನಿಯಮಗಳು
- ನೀರಿನ ಹೋಸ್ ಸಜ್ಜಾದ ಮೇಲೆಯೇ ತೆರಪು ಮಾಡಬೇಕು
- ಒಳಗಿರುವ ಸಿಬ್ಬಂದಿಯೊಂದಿಗೆ ಸಮನ್ವಯ ಕಡ್ಡಾಯ
- ಹೊಗೆಯ ನಿರ್ಗಮನ ದ್ವಾರವು ಗಾಳಿ ಬಂದು ಬಡಿಯುವ ಬದಿಗೆ ವಿರುದ್ಧವಾದ ಬದಿಯಲ್ಲಿರಬೇಕು

6. ಗೊಂದಲ ಬೇಡ
- ಫ್ಲ್ಯಾಶ್‌ಓವರ್: ಶಾಖದಿಂದ ಕೋಣೆಯ ವಸ್ತುಗಳೆಲ್ಲ ಬಹುತೇಕ ಏಕಕಾಲಕ್ಕೆ ಹೊತ್ತಿಕೊಳ್ಳುವುದು, ಸುಮಾರು 500–600 ಡಿಗ್ರಿ ಸೆಲ್ಸಿಯಸ್
- ಬ್ಯಾಕ್‌ಡ್ರಾಫ್ಟ್: ಆಮ್ಲಜನಕ ಕುಗ್ಗಿದ ಕೋಣೆಗೆ ದಿಢೀರ್ ಗಾಳಿ ನುಗ್ಗಿ ಆಗುವ ಸ್ಫೋಟ
- ನೆನಪಿಗೆ: ಫ್ಲ್ಯಾಶ್‌ಓವರ್‌ಗೆ ಶಾಖ, ಬ್ಯಾಕ್‌ಡ್ರಾಫ್ಟ್‌ಗೆ ಗಾಳಿ

7. ಕಾರ್ಬನ್ ಮಾನಾಕ್ಸೈಡ್: ಬಣ್ಣವಿಲ್ಲ, ವಾಸನೆಯಿಲ್ಲ, ವಿಷಕಾರಿಯೂ ಹೌದು, ದಹ್ಯವೂ ಹೌದು.

8. ರಾಷ್ಟ್ರೀಯ ಅಗ್ನಿಶಾಮಕ ಸೇವಾ ದಿನ: ಏಪ್ರಿಲ್ 14. ಹಿನ್ನೆಲೆ: 1944ರ ಬಾಂಬೆ ಬಂದರು ಸ್ಫೋಟ, ಹಡಗು ಎಸ್.ಎಸ್. ಫೋರ್ಟ್ ಸ್ಟಿಕಿನ್.