ಬೆಟ್ಟದ ಮೇಲಿನ ಬಡಾವಣೆ

ಬನ್ನಿ, ಇವತ್ತು ದೂರದ ಒಂದು ಊರು ನೋಡೋಣ. ಊರಿನ ಹೆಸರು ನೇಪಲ್ಸ್. ಅದು ಇಟಲಿ ದೇಶದಲ್ಲಿದೆ. ಊರಿನ ಮುಂದೆ ಸಮುದ್ರ. ಪಕ್ಕದಲ್ಲಿ ವೆಸೂವಿಯಸ್ ಎಂಬ ಬೆಂಕಿ ಬೆಟ್ಟ. ಅದು ಕೊನೆಯ ಸಲ ಬೆಂಕಿ ಉಗುಳಿದ್ದು 1944ರಲ್ಲಿ.

ಕೆಳಗಿನ ಹಳೇ ಊರಿನಲ್ಲಿ ಬಹಳ ಗದ್ದಲ. ಓಣಿಗಳು ಕಿರಿದು. ಎರಡೂ ಕಡೆ ಎತ್ತರದ ಮನೆಗಳು. ಮಾಳಿಗೆಗಳಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ. ಅದರ ಕೆಳಗೇ ಸ್ಕೂಟರು ಓಡುತ್ತವೆ. ವ್ಯಾಪಾರದವರ ಕೂಗು ಬೇರೆ. ತಲೆ ಎತ್ತಿ ನೋಡಿದರೆ ಒಂದು ಬೆಟ್ಟ ಕಾಣುತ್ತದೆ. ಅದರ ಮೇಲಿರುವ ಬಡಾವಣೆಯೇ ವೊಮೆರೊ.

ಹತ್ತುವುದು ಹೇಗೆ?

ಎರಡು ದಾರಿ ಇವೆ. ಒಂದು, ಕಲ್ಲಿನ ಮೆಟ್ಟಿಲು. ಪೆದಮೆಂತಿನಾ ಎಂಬ ಹಳೇ ದಾರಿಗೆ 414 ಮೆಟ್ಟಿಲು. ಹತ್ತುವಷ್ಟರಲ್ಲಿ ಮೊಣಕಾಲು ನೋಯುತ್ತದೆ!

ಇನ್ನೊಂದು, ಹಗ್ಗದ ರೈಲು. ಬಾವಿಯ ರಾಟೆ ನೋಡಿದ್ದೀರಲ್ಲ? ಒಂದೇ ಹಗ್ಗಕ್ಕೆ ಎರಡು ಕೊಡ ಕಟ್ಟಿದರೆ ಏನಾಗುತ್ತದೆ? ಒಂದು ಇಳಿದರೆ ಇನ್ನೊಂದು ಏರುತ್ತದೆ. ಈ ರೈಲೂ ಹಾಗೆಯೇ. ಉಕ್ಕಿನ ಹಗ್ಗದ ಎರಡು ತುದಿಗೆ ಎರಡು ಗಾಡಿ. ಇಳಿಯುವ ಗಾಡಿಯ ಭಾರ ಏರುವ ಗಾಡಿಗೆ ನೆರವಾಗುತ್ತದೆ. ಉಳಿದ ಕೆಲಸ ಯಂತ್ರದ್ದು. ನಡುದಾರಿಯಲ್ಲಿ ಎರಡೂ ಗಾಡಿ ಪಕ್ಕಪಕ್ಕ ಹಾದು ಹೋಗುತ್ತವೆ. ಇಂಥ ಮೊದಲ ರೈಲು ಈ ಬೆಟ್ಟಕ್ಕೆ ಬಂದದ್ದು 1889ರಲ್ಲಿ. ಎರಡನೆಯದು 1891ರಲ್ಲಿ. ಮೂರನೆಯದು 1928ರಲ್ಲಿ.

ಮೇಲೆ ಏನಿದೆ?

ಮೇಲೆ ಬಂದರೆ ಊರೇ ಬೇರೆ ಅನಿಸುತ್ತದೆ. ಅಗಲವಾದ ಬೀದಿಗಳು, ಸಾಲುಮರಗಳು, ಒಳ್ಳೊಳ್ಳೆಯ ಅಂಗಡಿಗಳು. ಸ್ಕಾರ್ಲಾಟಿ ಬೀದಿಯಲ್ಲಿ ಜನ ನಿಧಾನವಾಗಿ ನಡೆದಾಡುತ್ತಾರೆ. ಹತ್ತಿರದಲ್ಲಿ ಫ್ಲೋರಿಡಿಯಾನಾ ತೋಟ. ಹಿಂದೆ ಒಬ್ಬ ರಾಜ ತನ್ನ ಮಡದಿಗಾಗಿ ಮಾಡಿಸಿದ ತೋಟ ಅದು. ಈಗ ಎಲ್ಲರ ತೋಟ.

ಬೆಟ್ಟದ ತುದಿಯಲ್ಲಿ ನಕ್ಷತ್ರದ ಆಕಾರದ ಕೋಟೆ ಇದೆ. ಅದರ ಹೆಸರು ಸಂತ್ ಎಲ್ಮೊ. ಹಿಂದೆ ಅಲ್ಲಿ ಕೈದಿಗಳನ್ನು ಇಡುತ್ತಿದ್ದರು. ಪಕ್ಕದಲ್ಲಿ ಸಾನ್ ಮಾರ್ತಿನೊ ಎಂಬ ಹಳೇ ಮಠ. ಈಗ ಅದು ವಸ್ತುಸಂಗ್ರಹಾಲಯ. ಅಲ್ಲಿಂದ ಇಡೀ ಊರು ಕಾಣುತ್ತದೆ. ಊರನ್ನು ಸೀಳಿದಂತೆ ಒಂದು ನೇರವಾದ ಬೀದಿ ಕಾಣುತ್ತದೆ. ಅದರ ಹೆಸರು ಸ್ಪಾಕ್ಕಾನಾಪೊಲಿ. 'ನೇಪಲ್ಸನ್ನು ಸೀಳುವುದು' ಎಂದೇ ಅದರ ಅರ್ಥ.

ಬಡಾವಣೆ ಹುಟ್ಟಿದ ಕಥೆ

ಮೊದಲು ಇಲ್ಲಿ ಹೊಲ, ತೋಟಗಳಿದ್ದವು. ಇಟಲಿ ಭಾಷೆಯಲ್ಲಿ 'ವೊಮೆರೆ' ಎಂದರೆ ನೇಗಿಲ ಗುಳ. ವೊಮೆರೊ ಎಂಬ ಹೆಸರು ಅದರಿಂದ ಬಂತು ಎನ್ನುತ್ತಾರೆ. ಬ್ರೊಕೊಲಿ ಎಂಬ ತರಕಾರಿ ಇಲ್ಲಿ ಚೆನ್ನಾಗಿ ಬೆಳೆಯುತ್ತಿತ್ತು. ಅದಕ್ಕೇ ಜನ ಇದನ್ನು 'ಬ್ರೊಕೊಲಿ ಬೆಟ್ಟ' ಎನ್ನುತ್ತಿದ್ದರು.

1884ರಲ್ಲಿ ನೇಪಲ್ಸಿಗೆ ಕಾಲರಾ ಬಂತು. ಸುಮಾರು 7 ಸಾವಿರ ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕೆಳಗಿನ ಓಣಿಗಳ ಬಡವರು. ಅಲ್ಲಿ ಗಾಳಿ ಬೆಳಕು ಇರಲಿಲ್ಲ. ಬಾವಿಯ ನೀರಿಗೆ ಕೊಳೆ ಸೇರುತ್ತಿತ್ತು. ಕಾಲರಾ ದೇವರ ಕೋಪದಿಂದ ಬರುವುದಲ್ಲ. ಅದು ಬರುವುದು ಒಂದು ಸಣ್ಣ ಜೀವಿಯಿಂದ. ರಾಬರ್ಟ್ ಕಾಕ್ ಎಂಬ ವಿಜ್ಞಾನಿ ಅದೇ 1884ರಲ್ಲಿ ನಮ್ಮ ಕಲ್ಕತ್ತೆಯಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದ. ಕೊಳೆ ಸೇರಿದ ನೀರಿನಲ್ಲಿ ಅದು ಹರಡುತ್ತದೆ.

ಸರ್ಕಾರ ಆಗ ಎಚ್ಚೆತ್ತಿತು. 1885ರಲ್ಲಿ ಸೆರಿನೊ ಎಂಬ ಕಡೆಯಿಂದ ಊರಿಗೆ ಶುದ್ಧ ನೀರು ತಂದರು. ಅದೇ ವರ್ಷ ಬೆಟ್ಟದ ಮೇಲೆ ಹೊಸ ಬಡಾವಣೆಗೆ ಅಡಿಗಲ್ಲು ಇಟ್ಟರು. ಕೆಳಗೆ ಹಳೇ ಮನೆಗಳನ್ನು ಕೆಡವಿ ಅಗಲವಾದ ರಸ್ತೆ ಮಾಡಿದರು.

ಆದರೆ ಒಂದು ಮಾತು ಕೇಳಿ. ಬೆಟ್ಟದ ಮೇಲಿನ ಚೆಂದದ ಮನೆಗಳು ಯಾರಿಗೆ ಸಿಕ್ಕವು? ಕೈಯಲ್ಲಿ ಹಣ ಇದ್ದವರಿಗೆ. ಮನೆ ಕಳೆದುಕೊಂಡ ಬಡವರಲ್ಲಿ ಬಹಳ ಮಂದಿಗೆ ಹೊಸ ಮನೆಯ ಬಾಡಿಗೆ ಕೊಡಲು ಆಗಲಿಲ್ಲ. ಅವರು ಉಳಿದ ಓಣಿಗಳಿಗೇ ಹೋಗಿ ಇನ್ನೂ ಒತ್ತೊತ್ತಾಗಿ ಬದುಕಿದರು. 1973ರಲ್ಲಿ ನೇಪಲ್ಸಿಗೆ ಕಾಲರಾ ಮತ್ತೆ ಬಂತು. ಆಗ ಲಕ್ಷಾಂತರ ಜನ ಸಾಲಿನಲ್ಲಿ ನಿಂತು ಲಸಿಕೆ ಹಾಕಿಸಿಕೊಂಡರು.

ಮೇಲಿನ ಬೀದಿ ಚೆಂದ ಇರುವುದು ಬೆಟ್ಟದಿಂದಲ್ಲ. ಗಾಳಿ, ಬೆಳಕು, ಶುದ್ಧ ನೀರು, ಚರಂಡಿ, ಇವುಗಳಿಂದ. ಇವು ಮೇಲಿನವರಿಗೂ ಬೇಕು, ಕೆಳಗಿನವರಿಗೂ ಬೇಕು. ರಾಟೆಯ ಒಂದು ಕೊಡ ಮೇಲೆ ಬಂದಾಗ ಇನ್ನೊಂದು ಕೆಳಗೆ ಹೋಗಬೇಕು, ಸರಿ. ಮನುಷ್ಯರ ಬಾಳು ಹಾಗೆ ಆಗಬೇಕಿಲ್ಲ.

ಓದಿ, ಬರೆಯಿರಿ

1. ಹಗ್ಗದ ರೈಲು ಹೇಗೆ ಬೆಟ್ಟ ಏರುತ್ತದೆ?
2. 1884ರಲ್ಲಿ ಕಾಲರಾ ಏಕೆ ಹರಡಿತು?
3. ನಿಮ್ಮ ಬೀದಿಯ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಅದರ ಹತ್ತಿರ ಕೊಳೆ ನಿಲ್ಲುತ್ತದೆಯೇ? ನೋಡಿ ಬಂದು ಎರಡು ಸಾಲು ಬರೆಯಿರಿ.