ಖರ್ಚಿಲ್ಲದೆ ಕಾಂಪೋಸ್ಟು ಗೊಬ್ಬರವನ್ನು ಮಾಡುವ ಕ್ರಮ

ಬಿತ್ತನೆಯ ಕಾಲವು ಸಮೀಪಿಸಿದೊಡನೆ ಗೊಬ್ಬರ ಸಾಲದೆಂಬ ಮಾತು ಪ್ರತಿಯೊಂದು ಗ್ರಾಮದಲ್ಲಿಯೂ ಕೇಳಿಬರುವುದು. ಅದೇ ಗ್ರಾಮದಲ್ಲಿ ಸುಗ್ಗಿ ಮುಗಿದ ತರುವಾಯ ಬದುವಿನ ಕಸಕ್ಕೆ ಬೆಂಕಿಯಿಡುವುದೂ, ಕೊಟ್ಟಿಗೆಯ ಗಂಜಳವು ಬೀದಿಯ ಚರಂಡಿಗೆ ಹರಿಯುವುದೂ, ತಿಪ್ಪೆಯ ಸಾರವು ಮುಂಗಾರಿನ ಮೊದಲ ಮಳೆಗೇ ಕಪ್ಪು ನೀರಾಗಿ ಹಳ್ಳವನ್ನು ಸೇರುವುದೂ ಎಲ್ಲರ ಕಣ್ಣೆದುರಿಗೆ ನಡೆಯುತ್ತಿರುವುದು. ಆದುದರಿಂದ ಕೊರತೆಯಿರುವುದು ಗೊಬ್ಬರದ ಪದಾರ್ಥಗಳಿಗಲ್ಲ. ಅವುಗಳನ್ನು ಕೂಡಿಸಿ ಕೊಳೆಯಿಸುವ ಕ್ರಮಕ್ಕೆ. ಪದಾರ್ಥಗಳು ಬಿಟ್ಟಿಯಾಗಿ ದೊರೆಯುವುವು. ಕ್ರಮವನ್ನು ಮಾತ್ರ ಕಲಿತು ನಡೆಸಬೇಕು.

ನಷ್ಟದ ಲೆಕ್ಕ

ರೈತರಲ್ಲಿ ಬಹುಮಂದಿ ಸಗಣಿಯನ್ನು ಜೋಪಾನ ಮಾಡುವರು, ಗಂಜಳವನ್ನು ಲಕ್ಷಿಸುವುದಿಲ್ಲ. ಹಸಿ ಸಗಣಿಯಲ್ಲಿ ನೂರಕ್ಕೆ ಸುಮಾರು 0.3 ಭಾಗ ಸಾರಜನಕವಿದ್ದರೆ, ಗಂಜಳದಲ್ಲಿ ಸುಮಾರು 0.8ರಿಂದ 1 ಭಾಗದವರೆಗೆ ಇರುವುದು. ಪೊಟ್ಯಾಷಿನ ಬಹುಭಾಗವೂ ಗಂಜಳದಲ್ಲಿಯೇ ಹೊರಬೀಳುವುದು. ಒಂದು ಜೊತೆ ಎತ್ತುಗಳಿರುವ ಮನೆಯನ್ನು ತೆಗೆದುಕೊಳ್ಳೋಣ. ಒಂದು ಎತ್ತಿಗೆ ದಿನಕ್ಕೆ ಐದು ಲೀಟರ್ ಗಂಜಳವೆಂದು ಕಡಮೆಯಾಗಿಯೇ ಹಿಡಿದರೂ ಜೊತೆಗೆ ವರ್ಷಕ್ಕೆ 3,650 ಲೀಟರ್ ಆಗುವುದು. ಅದರಲ್ಲಿ ಏನಿಲ್ಲವೆಂದರೂ 29 ಕಿಲೋಗ್ರಾಂ ಸಾರಜನಕವುಂಟು. 45 ಕಿಲೋ ತೂಕದ ಒಂದು ಮೂಟೆ ಯೂರಿಯಾದಲ್ಲಿರುವ ಸಾರಜನಕವು 21 ಕಿಲೋಗ್ರಾಂಗೆ ಒಳಗೇ. ಗಂಜಳದ ಸಾರವೆಲ್ಲವೂ ಬೆಳೆಗೆ ದಕ್ಕುವುದಿಲ್ಲ. ಸ್ವಲ್ಪ ಭಾಗವು ಅಮೋನಿಯಾ ಎಂಬ ಅನಿಲವಾಗಿ ಹಾರಿಹೋಗುವುದು. ಅರ್ಧವನ್ನು ಉಳಿಸಿಕೊಂಡರೂ ಅದು ಮನೆಗೆ ಬಂದ ಲಾಭವೇ ಸರಿ. ಅಂಗಡಿಯಲ್ಲಿ ಹಣ ಕೊಟ್ಟು ಮೂಟೆಯನ್ನು ತರುವ ಯಜಮಾನನು ತನ್ನ ಕೊಟ್ಟಿಗೆಯಿಂದ ಅದಕ್ಕಿಂತ ದೊಡ್ಡ ಮೂಟೆಯನ್ನು ಚರಂಡಿಗೆ ಸುರಿಯುತ್ತಿರುವನೆಂಬುದನ್ನು ಆಲೋಚಿಸತಕ್ಕದ್ದು.

ಕ್ರಮದ ಪೂರ್ವೋತ್ತರ

ಕಸಕಡ್ಡಿಗಳನ್ನು ಕೊಳೆಯಿಸಿ ಗೊಬ್ಬರ ಮಾಡುವುದು ನಮ್ಮ ದೇಶಕ್ಕೆ ಹೊಸದಲ್ಲ. ಅದನ್ನು ಶಾಸ್ತ್ರೀಯವಾದ ಕ್ರಮಕ್ಕೆ ತಂದವರಲ್ಲಿ ಆಲ್ಬರ್ಟ್ ಹೋವರ್ಡ್ ಎಂಬವರು ಮುಖ್ಯರು. 1924ರಲ್ಲಿ ಸ್ಥಾಪಿತವಾದ ಇಂದೂರಿನ ಸಸ್ಯ ಸಂಶೋಧನ ಸಂಸ್ಥೆಯಲ್ಲಿ ಅವರೂ ಅವರ ಸಹಾಯಕರಾದ ಯಶವಂತ ವಾಡರೂ ನಡೆಸಿದ ಪ್ರಯೋಗಗಳ ಫಲವು 1931ರಲ್ಲಿ ಗ್ರಂಥರೂಪವಾಗಿ ಪ್ರಕಟವಾಯಿತು. ಗೊಬ್ಬರವನ್ನು ಆಗಾಗ ಮಗುಚುವ ಈ ಕ್ರಮಕ್ಕೆ ಇಂದೂರು ಪದ್ಧತಿಯೆಂದು ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ, ಮಗುಚದೆಯೇ ಕೊಳೆಯಿಸುವ ಕ್ರಮವು ಬೆಂಗಳೂರು ಪದ್ಧತಿಯೆಂದು ಪ್ರಸಿದ್ಧವಾಗಿದೆ. ನೀರೂ ಆಳುಗಳೂ ಅನುಕೂಲವಾಗಿರುವವರು ಮೊದಲನೆಯದನ್ನೂ, ಅವುಗಳ ಅಭಾವವಿರುವವರು ಎರಡನೆಯದನ್ನೂ ಅನುಸರಿಸಬಹುದು.

ಸಾಮಗ್ರಿಗಳು

ಗೊಬ್ಬರವನ್ನು ಮಾಡುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಇವುಗಳಿಗೂ ಆಹಾರ, ನೀರು, ಗಾಳಿ ಬೇಕು. ಒಣಗಿದ ಕಸದಲ್ಲಿ ಇಂಗಾಲವು ಹೆಚ್ಚು, ಸಾರಜನಕವು ಕಡಮೆ. ಸಗಣಿ, ಗಂಜಳ, ಹಸಿರು ಸೊಪ್ಪುಗಳಲ್ಲಿ ಸಾರಜನಕವು ಹೆಚ್ಚು. ಒಂದು ಭಾಗ ಸಾರಜನಕಕ್ಕೆ ಸುಮಾರು ಮೂವತ್ತು ಭಾಗ ಇಂಗಾಲವಿರುವಂತೆ ಎರಡನ್ನೂ ಬೆರೆಸಿದರೆ ಕೊಳೆಯುವಿಕೆ ಚೆನ್ನಾಗಿ ನಡೆಯುವುದು. ಬರಿಯ ಹುಲ್ಲು ವರ್ಷವಾದರೂ ಹುಲ್ಲಾಗಿಯೇ ಇರುವುದಕ್ಕೂ, ಬರಿಯ ಸಗಣಿ ಗಟ್ಟಿಯಾಗಿ ನಾರುವುದಕ್ಕೂ ಈ ಹೊಂದಿಕೆಯಿಲ್ಲದಿರುವುದೇ ಮುಖ್ಯ ಕಾರಣ.

ಮೈದಾನದ ಸೀಮೆಯಲ್ಲಿ ರಾಗಿ ಮತ್ತು ಜೋಳದ ಕೂಳೆ, ತೊಗರಿ ಮತ್ತು ಹತ್ತಿಯ ಕಡ್ಡಿ, ಕಡಲೆಕಾಯಿ ಸಿಪ್ಪೆ, ಕಬ್ಬಿನ ತರಗು, ಮನೆಯ ಮುಂದೆ ಗುಡಿಸಿದ ಕಸ. ಮಲೆನಾಡಿನಲ್ಲಿ ಉದುರೆಲೆ, ಬಾಳೆಯ ದಿಂಡು, ಅಡಕೆಯ ಸಿಪ್ಪೆ. ಎಲ್ಲೆಡೆಯೂ ಹೊಂಗೆ, ಎಕ್ಕ, ಗೊಬ್ಬರದ ಗಿಡ ಮೊದಲಾದವುಗಳ ಸೊಪ್ಪು ಮತ್ತು ಹೊಲದ ಕಳೆ ಇವೆಲ್ಲವೂ ಉಪಯುಕ್ತವಾದವು. ಪಾರ್ಥೇನಿಯಂ ಕಳೆಯನ್ನು ಹೂ ಬಿಡುವುದಕ್ಕೆ ಮೊದಲೇ ಕಿತ್ತು ಹಾಕಬಹುದು. ಕೆಲವರ ಮೈಗೆ ಇದರಿಂದ ನವೆಯುಂಟಾಗುವುದರಿಂದ ಕೈ ಮುಚ್ಚಿಕೊಂಡು ಕೀಳತಕ್ಕದ್ದು. ದನಗಳು ತಿನ್ನುವ ಮೇವನ್ನು ಗುಂಡಿಗೆ ಹಾಕುವುದು ವಿವೇಕವಲ್ಲ. ಹತ್ತಿ ಮತ್ತು ತೊಗರಿಯಂತಹ ಗಟ್ಟಿ ಕಡ್ಡಿಗಳನ್ನು ಬಂಡಿಯ ಜಾಡಿನಲ್ಲಿ ಕೆಲವು ದಿನ ಹರಡಿದರೆ ಗಾಲಿಗಳು ಅವನ್ನು ಬಿಟ್ಟಿಯಾಗಿ ಜಜ್ಜುವುವು. ಪ್ಲಾಸ್ಟಿಕ್, ಗಾಜು, ತಗಡುಗಳ ಚೂರುಗಳನ್ನು ಮೊದಲೇ ಆರಿಸಿ ತೆಗೆಯಬೇಕು. ಒಮ್ಮೆ ಹೊಲಕ್ಕೆ ಸೇರಿದ ಪ್ಲಾಸ್ಟಿಕ್ಕು ಅಲ್ಲಿಯೇ ನಿಲ್ಲುವುದು.

ಗಂಜಳದ ಮಣ್ಣು

ಕೊಟ್ಟಿಗೆಯ ನೆಲದ ಮೇಲೆ ಎರಡು ಮೂರು ಅಂಗುಲ ದಪ್ಪವಾಗಿ ಒಣಮಣ್ಣನ್ನು ಹರಡಿ, ನೆನೆದ ಭಾಗವನ್ನು ಆಗಾಗ ಕೆರೆದು ತೆಗೆದು ಹೊಸ ಮಣ್ಣನ್ನು ಹಾಕುತ್ತಿರಬೇಕು. ನೆಲವು ಕಲ್ಲುಹಾಸಿನದಾದರೆ ದನಗಳ ಕೆಳಗೆ ಒಣ ಕಸವನ್ನೋ ಹೊಟ್ಟನ್ನೋ ಹಾಸಬಹುದು. ಇದರಿಂದ ದನಗಳಿಗೂ ಮೆತ್ತನೆಯ ಹಾಸಿಗೆಯಾಗುವುದು. ಈ ಮಣ್ಣೂ ಹಾಸೂ ಗುಂಡಿಗೆ ಮುಖ್ಯವಾದ ಸತ್ತ್ವ.

ಗುಂಡಿ

ಗುಂಡಿಯು 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳವಿದ್ದರೆ ಸಾಧಾರಣ ಸಂಸಾರಕ್ಕೆ ಸಾಕು. ಇದಕ್ಕಿಂತ ಆಳವಾದರೆ ತಳಕ್ಕೆ ಗಾಳಿಯಾಡದು. ಸ್ಥಳವು ಎತ್ತರವಾಗಿ, ಬಾವಿಗೆ ದೂರವಾಗಿ, ಕೊಟ್ಟಿಗೆಗೆ ಸಮೀಪವಾಗಿರಬೇಕು. ಬೆಳಗ್ಗೆ ಕೊಟ್ಟಿಗೆಯನ್ನು ಬಳಿದು ಮಂಕರಿಯನ್ನು ಹೊರುವವರು ಬಹುಮಟ್ಟಿಗೆ ಮನೆಯ ಹೆಂಗಸರು. ಗುಂಡಿ ದೂರವಾದರೆ ಮಂಕರಿಯು ದಾರಿಯಲ್ಲಿಯೇ ಬರಿದಾಗುವುದು. ಗುಂಡಿಯ ಮೇಲೆ ನೆರಳಿಗಾಗಿ ಗರಿಯ ಚಪ್ಪರವನ್ನೂ, ಮಳೆಯ ನೀರು ನುಗ್ಗದಂತೆ ಸುತ್ತಲೂ ಮಣ್ಣಿನ ಕಟ್ಟೆಯನ್ನೂ ಹಾಕಬೇಕು. ಮಳೆ ಹೆಚ್ಚಾದ ಮಲೆನಾಡಿನಲ್ಲಿ ಗುಂಡಿಗೆ ಬದಲಾಗಿ, ನೆಲದ ಮೇಲೆಯೇ ಮಾಡಿನ ಕೆಳಗೆ ಮೂರು ನಾಲ್ಕು ಅಡಿ ಎತ್ತರದ ರಾಶಿಯನ್ನು ಹಾಕುವುದು ಲೇಸು.

ತುಂಬುವ ಕ್ರಮ

ಮೊದಲು ಮೂರು ಅಂಗುಲ ದಪ್ಪ ಒಣ ಕಸ ಮತ್ತು ಹಸಿರು ಸೊಪ್ಪಿನ ಮಿಶ್ರಣ. ಅದರ ಮೇಲೆ ಗಂಜಳದ ಮಣ್ಣನ್ನು ಎರಚಿ, ಒಲೆಯ ಬೂದಿಯನ್ನು ತೆಳುವಾಗಿ ಚಿಮುಕಿಸಬೇಕು. ಬೂದಿ ಹೆಚ್ಚಾದರೆ ಅಮೋನಿಯಾ ಹಾರಿಹೋಗುವುದು. ಅದರ ಮೇಲೆ ಸಗಣಿಯ ಪದರ. ಸಗಣಿ ಕಡಮೆಯಿದ್ದರೆ ನೀರಿನಲ್ಲಿ ಕದಡಿ ಬಗ್ಗಡವಾಗಿ ಚೆಲ್ಲಬಹುದು. ಬಳಿಕ ನೀರು. ಹಿಡಿಯಷ್ಟು ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಇದೇ ತೇವದ ಅಳತೆ. ಹೀಗೆಯೇ ಪದರದ ಮೇಲೆ ಪದರವನ್ನು ಹಾಕುತ್ತ ಹೋಗಬೇಕು. ತುಳಿದು ಗಟ್ಟಿಮಾಡಬಾರದು.

ಇಲ್ಲಿ ಬಹುಮಂದಿ ತಪ್ಪುವ ಒಂದು ವಿಷಯವುಂಟು. ದಿನವೂ ದೊರೆಯುವ ಸ್ವಲ್ಪ ಕಸವನ್ನು ಗುಂಡಿಯ ತಳದ ಉದ್ದಗಲಕ್ಕೂ ಚೆಲ್ಲಿದರೆ ಅದು ಒಣಗುವುದೇ ಹೊರತು ಕಾವೇರುವುದಿಲ್ಲ. ಗುಂಡಿಯ ಒಂದು ತುದಿಯಿಂದ ಮೂರಡಿ ಉದ್ದದ ಭಾಗವನ್ನು ಮಾತ್ರ ಹಿಡಿದು, ಅದನ್ನು ನೆಲಮಟ್ಟಕ್ಕಿಂತ ಒಂದೂವರೆ ಅಡಿ ಮೇಲಕ್ಕೆ ತುಂಬಿ ಪೂರೈಸಿದ ಮೇಲೆಯೇ ಮುಂದಿನ ಮೂರಡಿಗೆ ಹೋಗಬೇಕು. ಮಗುಚುವುದಾದರೆ ಕೊನೆಯ ಭಾಗವನ್ನು ಬರಿದಾಗಿ ಬಿಡತಕ್ಕದ್ದು.

ಮಗುಚುವಿಕೆ ಮತ್ತು ಪಕ್ವತೆ

ತುಂಬಿದ ಕೆಲವೇ ದಿನಗಳಲ್ಲಿ ಒಳಗೆ ಸುಮಾರು 60 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾವೇರುವುದು. ಈ ಕಾವಿನಲ್ಲಿ ಕಳೆಗಳ ಬೀಜಗಳೂ ನೊಣದ ಹುಳುಗಳೂ ಬಹುಮಟ್ಟಿಗೆ ಸಾಯುವುವು. ಹಾರೆಯನ್ನು ನಡುವೆ ನಾಟಿ ಸ್ವಲ್ಪ ಹೊತ್ತಿನ ಮೇಲೆ ಹೊರಕ್ಕೆ ತೆಗೆದು ಮುಟ್ಟಿದರೆ ಕಾವು ತಿಳಿಯುವುದು. ಹಾರೆ ತಣ್ಣಗಿದ್ದು ಕಸವು ಒಣಗಿದ್ದರೆ ನೀರನ್ನೂ, ತೇವವಿದ್ದೂ ತಣ್ಣಗಿದ್ದರೆ ಸಗಣಿ ಗಂಜಳಗಳನ್ನೂ ಸೇರಿಸಬೇಕು. ದುರ್ನಾತವಿದ್ದರೆ ನೀರು ಹೆಚ್ಚಾಗಿ ಗಾಳಿ ಕಡಮೆಯಾಗಿದೆಯೆಂದು ತಿಳಿದು, ಒಣ ಕಸವನ್ನು ಬೆರೆಸಿ ಮಗುಚಬೇಕು.

ಹದಿನೈದು ದಿನಕ್ಕೆ ಒಂದು ಸಲ, ತಿಂಗಳಿಗೆ ಎರಡನೆಯ ಸಲ, ಎರಡು ತಿಂಗಳಿಗೆ ಮೂರನೆಯ ಸಲ, ಹೊರಗಿನದು ಒಳಗಾಗುವಂತೆ ಮಗುಚಿ, ಬೇಕಾದಷ್ಟು ನೀರನ್ನು ಚಿಮುಕಿಸಿದರೆ ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರವು ಸಿದ್ಧವಾಗುವುದು. ಪುಷ್ಯ ಮಾಘಗಳಲ್ಲಿ ತುಂಬಿದ ಗುಂಡಿಯು ರೋಹಿಣಿ ಮಳೆಯ ಬಿತ್ತನೆಗೆ ಒದಗುವುದು. ಮಗುಚಲು ಆಳುಗಳಿಲ್ಲದವರು, ತುಂಬಿದ ಭಾಗವನ್ನು ಗುಮ್ಮಟದಂತೆ ಮಾಡಿ, ಮಣ್ಣು ಸಗಣಿಗಳ ಗಾರೆಯನ್ನು ಅಂಗುಲ ದಪ್ಪ ಮೆತ್ತಿ, ಬಿರುಕುಗಳನ್ನು ಮುಚ್ಚುತ್ತ ಆರರಿಂದ ಎಂಟು ತಿಂಗಳು ಕಾಯಬೇಕು. ಇದರಲ್ಲಿ ಕಾಲ ಹೆಚ್ಚು. ಶ್ರಮವೂ ಸಾರದ ನಷ್ಟವೂ ಕಡಮೆ.

ಪಕ್ವವಾದ ಗೊಬ್ಬರವು ಕಪ್ಪಾಗಿ, ತಣ್ಣಗೆ, ಕೈಯಲ್ಲಿ ಪುಡಿಯಾಗಿ, ಮೊದಲ ಮಳೆ ಬಿದ್ದ ನೆಲದ ವಾಸನೆಯುಳ್ಳದ್ದಾಗಿರುವುದು. ಅರೆಬೆಂದ ಗೊಬ್ಬರವನ್ನು ಹಾಕಿದರೆ ಅದು ಕೊಳೆಯುವಾಗ ನೆಲದ ಸಾರಜನಕವನ್ನೇ ಹೀರಿಕೊಳ್ಳುವುದರಿಂದ ಪೈರು ಹಳದಿಯಾಗುವುದು. ಗೆದ್ದಲು ಮತ್ತು ಗೊಣ್ಣೆಹುಳುಗಳ ಕಾಟವೂ ಹೆಚ್ಚುವುದು.

ಹೊಲದಲ್ಲಿ ಮಾಡುವ ತಪ್ಪು

ಗುಂಡಿಯಲ್ಲಿ ಇಷ್ಟು ಜೋಪಾನ ಮಾಡಿದ ಗೊಬ್ಬರವನ್ನು ಬೇಸಿಗೆಯಲ್ಲಿ ಹೊಲಕ್ಕೆ ಸಾಗಿಸಿ, ಸಣ್ಣ ಸಣ್ಣ ಗುಡ್ಡೆಗಳಾಗಿ ಬಿಸಿಲಿನಲ್ಲಿ ವಾರಗಟ್ಟಲೆ ಬಿಡುವ ವಾಡಿಕೆಯುಂಟು. ಇದರಿಂದ ಪಡೆದದ್ದನ್ನು ಕಳೆದುಕೊಂಡಂತಾಗುವುದು. ಬಿತ್ತನೆಗೆ ಮುಂಚೆ ನೆಲವು ಹದವಾದಾಗ ಸಾಗಿಸಿ, ಹರಡಿದ ದಿನವೇ ಉತ್ತು ಮಣ್ಣಿಗೆ ಬೆರೆಸತಕ್ಕದ್ದು. ಹೇಳಿದ ಅಳತೆಯ ಒಂದು ಗುಂಡಿಯಿಂದ ಸುಮಾರು ಎರಡು ಟನ್ ಗೊಬ್ಬರವನ್ನು ನಿರೀಕ್ಷಿಸಬಹುದು. ಒಂದು ಟನ್ನಿನಲ್ಲಿ ಸುಮಾರು ಐದು ಕಿಲೋಗ್ರಾಂ ಸಾರಜನಕವಿರುವುದು. ಖುಷ್ಕಿ ರಾಗಿಗೆ ಎಕರೆಗೆ ಮೂರು ಟನ್ ಬೇಕಾಗುವುದರಿಂದ ವರ್ಷಕ್ಕೆ ಒಂದೇ ಗುಂಡಿ ಸಾಲದು; ಎರಡನ್ನು ಅಕ್ಕಪಕ್ಕದಲ್ಲಿ ತೋಡಿ, ಒಂದು ಪಕ್ವವಾಗುತ್ತಿರುವಾಗ ಇನ್ನೊಂದನ್ನು ತುಂಬುವುದೊಳ್ಳೆಯದು. ಕಾಂಪೋಸ್ಟಿನಿಂದಲೇ ಬೆಳೆಯ ಅಗತ್ಯವೆಲ್ಲ ಪೂರೈಸುವುದೆಂದು ಹೇಳಲಾಗದು. ರಂಜಕವು ಕಡಮೆಯಿರುವ ಭೂಮಿಗೆ ಮಣ್ಣಿನ ಪರೀಕ್ಷೆಯಂತೆ ಬೇರೆ ಗೊಬ್ಬರವನ್ನೂ ಸೇರಿಸಬೇಕಾಗುವುದು. ಆದರೆ ಮಣ್ಣು ಸಡಿಲವಾಗಿ, ತೇವವನ್ನು ಹಿಡಿದು, ಮಳೆ ತಡವಾದಾಗಲೂ ಪೈರನ್ನು ಕೆಲವು ದಿನ ಕಾಪಾಡುವ ಗುಣವು ಮೂಟೆಯ ಗೊಬ್ಬರದಿಂದ ಬಾರದು.

ಊರಿನ ಮುಖಂಡರ ಹೊಣೆ

ಸಣ್ಣ ರೈತನು ಉಪದೇಶವನ್ನು ಕೇಳಿ ನಡೆಯುವುದಕ್ಕಿಂತ ಹೆಚ್ಚಾಗಿ ಊರಿನ ದೊಡ್ಡ ಜಮೀನುದಾರನ ಹೊಲವನ್ನು ನೋಡಿ ನಡೆಯುವನು. ಆದುದರಿಂದ ಮೊದಲ ಗುಂಡಿಯು ಊರಿನ ಯಜಮಾನನ ಹಿತ್ತಿಲಿನಲ್ಲಿಯೇ ಆಗಬೇಕು. ಒಂದೇ ಹೊಲದ ಅರ್ಧಕ್ಕೆ ತಿಪ್ಪೆಯ ಗೊಬ್ಬರವನ್ನೂ, ಉಳಿದರ್ಧಕ್ಕೆ ಅಷ್ಟೇ ತೂಕದ ಕಾಂಪೋಸ್ಟನ್ನೂ ಹಾಕಿ, ಒಕ್ಕಣೆಯ ಸಮಯದಲ್ಲಿ ಎರಡರ ಕಾಳನ್ನೂ ಬೇರೆ ಬೇರೆ ಅಳೆದು ಊರವರಿಗೆ ತೋರಿಸಲಿ. ದಾರಿಯ ಬದಿಯ ತಿಪ್ಪೆಗಳನ್ನು ತೆಗೆಯಿಸುವುದು, ಕಸಕ್ಕೆ ಬೆಂಕಿಯಿಡುವುದನ್ನು ನಿಲ್ಲಿಸುವುದು, ಗುಂಡಿಗಳಿಗೆ ಸ್ಥಳವಿಲ್ಲದ ಬಡವರಿಗೆ ಗ್ರಾಮ ಪಂಚಾಯತಿಯ ಮೂಲಕ ಅನುಕೂಲವನ್ನು ಮಾಡಿಸುವುದು ಇವು ಮುಖಂಡರಿಂದ ಆಗಬೇಕಾದ ಕೆಲಸಗಳು. ತಿಪ್ಪೆ ಹೋದಲ್ಲಿ ನೊಣವೂ ಕಡಮೆಯಾಗಿ ಊರಿಗೆ ಆರೋಗ್ಯವುಂಟಾಗುವುದು.

ಗುದ್ದಲಿ, ಮಂಕರಿ, ನಾಲ್ಕು ದಿನದ ಮೈಗೆಲಸ ಇಷ್ಟೇ ಇದರ ಬಂಡವಾಳ. ಇಂದು ಸಂಜೆ ಕೊಟ್ಟಿಗೆಯ ನೆಲಕ್ಕೆ ಒಂದು ಮಂಕರಿ ಒಣಮಣ್ಣನ್ನು ಹರಡಿದರೆ ಕೆಲಸವು ಪ್ರಾರಂಭವಾದಂತೆಯೇ.