ಮಗಳ ಫೀಜು, ಲಾಯರ್ ಫೀಜು

ವಿಚ್ಛೇದನದ ಕೇಸು ಕೋರ್ಟಿನಲ್ಲಿದೆ ಅಂತ ಶಾಲೆಯವರು ಕಾಯುವುದಿಲ್ಲ. ಜೂನ್ ಬಂದರೆ ಫೀಜು, ಪುಸ್ತಕ, ವ್ಯಾನಿನ ದುಡ್ಡು ಎಲ್ಲ ಒಟ್ಟಿಗೇ. "ತೀರ್ಪು ಬರಲಿ, ಆಮೇಲೆ ಕೇಳಿದರಾಯ್ತು" ಅನ್ನುತ್ತಿದ್ದ ನಮ್ಮಣ್ಣ. "ಅಷ್ಟು ಹೊತ್ತಿಗೆ ನಿಮ್ಮ ಮಗಳು ಹೈಸ್ಕೂಲು ಮುಗಿಸಿರ್ತಾಳಮ್ಮ" ಅಂದರು ಲಾಯರ್ ಮೇಡಂ. ಮಧ್ಯಂತರ ಅರ್ಜಿ ಹಾಕಿಸಿದ್ದು ಅವರೇ.

ಹಿಂದೂ ವಿವಾಹ ಕಾಯ್ದೆಯ 24ನೇ ಕಲಮು ಕೇಸು ಮುಗಿಯುವವರೆಗಿನ ಜೀವನಾಂಶಕ್ಕೆ, ಕೇಸಿನ ಖರ್ಚಿಗೆ. ಮಕ್ಕಳ ಪಾಲನೆ, ಓದಿಗೆ 26ನೆಯದು. ಮೇಡಂ ಮಗಳದ್ದನ್ನು ಬೇರೆಯಾಗಿಯೇ ಕೇಳಿಸಿದರು. ಅದು ಎಷ್ಟು ಒಳ್ಳೆಯದಾಯಿತೆಂದು ತಿಳಿದದ್ದು ಎದುರು ಪಕ್ಷದ ತಕರಾರು ಬಂದಾಗ: ಅರ್ಜಿದಾರಳು ಸ್ವತಃ ಸಂಬಳಗಾರ್ತಿ, ಜೀವನಾಂಶ ಯಾಕೆ? ಸರಿ, ನನ್ನ ಪಾಲು ಕಡಿಮೆ ಮಾಡಲಿ. ನಾನು ದುಡಿಯುತ್ತೇನೆಂದ ಮಾತ್ರಕ್ಕೆ ಅಪ್ಪನ ಹೊಣೆ ಕಳೆಯುತ್ತದೆಯೇ?

ವಾದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅಫಿಡವಿಟ್. ಸುಪ್ರೀಂ ಕೋರ್ಟಿನ 2020ರ ರಜನೀಶ್–ನೇಹಾ ತೀರ್ಪಿನ ನಂತರ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲವನ್ನೆಲ್ಲ ಪ್ರಮಾಣ ಮಾಡಿ ಬರೆದುಕೊಡಬೇಕು. ಬ್ಯಾಂಕ್ ಪಾಸ್‌ಬುಕ್ಕು, ತೆರಿಗೆ ರಿಟರ್ನು, ಶಾಲೆಯ ರಸೀದಿ, ಡಾಕ್ಟರ ಚೀಟಿ ಎಲ್ಲ ಜೋಡಿಸಿದೆ. "ಅಡ ಇಟ್ಟ ಬಳೆ ಸುದ್ದಿ ಕೋರ್ಟಿಗೆ ಯಾಕೆ ಹೇಳಬೇಕೇ?" ಅಂತ ಅಮ್ಮ ಮುಖ ಸಣ್ಣ ಮಾಡಿಕೊಂಡಳು. ಹೇಳಬೇಕು, ಅದೂ ಸಾಲವೇ. ಆ ಕಡೆಯಿಂದ ಬಂದ ಸಂಬಳದ ಚೀಟಿಯಲ್ಲಿ ಕೈಗೆ ಸಿಗುವ ಮೊತ್ತ ಪುಟ್ಟದಾಗಿ ಕಾಣುತ್ತಿತ್ತು. ಕಡಿತದ ಸಾಲುಗಳನ್ನು ಒಂದೊಂದಾಗಿ ನೋಡಿದರೆ ಅರ್ಧ, ಅವರೇ ಇಷ್ಟಪಟ್ಟು ಕಟ್ಟಿಸಿಕೊಳ್ಳುತ್ತಿದ್ದ ಉಳಿತಾಯ!

ನೋಟಿಸು ಮುಟ್ಟಿದ 60 ದಿನದೊಳಗೆ, ಸಾಧ್ಯವಾದ ಮಟ್ಟಿಗೆ, ಇಂಥ ಅರ್ಜಿ ಇತ್ಯರ್ಥ ಆಗಬೇಕೆಂದು ಕಾಯ್ದೆ ಹೇಳುತ್ತದೆ. ನಮ್ಮದು ಡೇಟಿನ ಮೇಲೆ ಡೇಟು ಬಿದ್ದು ಆ ಗಡುವನ್ನು ಎಂದೋ ದಾಟಿತ್ತು. ಆದರೂ ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ ಶುರು. ಅದನ್ನೂ ಅದೇ 2020ರ ತೀರ್ಪು ಇತ್ಯರ್ಥಪಡಿಸಿದೆ. ಅರ್ಜಿಯನ್ನು ಮುಂದೂಡಬೇಡಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಲಾಯರ್ ಫೀಜಿನದ್ದು ಬೇರೆ ಕಥೆ. ಕೋರ್ಟು ಕೊಡಿಸಿದ ಕೇಸಿನ ಖರ್ಚು ಒಂದೇ ಗಂಟು, ನಾನು ನಿಜವಾಗಿ ಕೊಟ್ಟದ್ದರ ಹತ್ತಿರಕ್ಕೂ ಬರಲಿಲ್ಲ. ಕೈಲಾಗದವರಿಗೆ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಪಕ್ಕದ ಬೆಂಚಿನಲ್ಲಿ ಕೂತಿರುತ್ತಿದ್ದ ಗಾರ್ಮೆಂಟ್ಸ್ ಹೆಂಗಸಿಗೆ ಬಂದ ವಕೀಲೆ ಹಾಗೆ ಬಂದವರು, ನಮ್ಮ ಮೇಡಂಗಿಂತ ಜೋರಾಗಿ ವಾದಿಸುತ್ತಿದ್ದರು.

ಆದೇಶವಾದ ಮೇಲೆ ಮಗಳ ಅಪ್ಪ ದುಡ್ಡು ಕೈಗೇ ಕೊಡುತ್ತೇನೆಂದು ಹೇಳಿಕಳಿಸಿದರು. ಬೇಡ, ಖಾತೆಗೇ ಹಾಕಲಿ ಎಂದೆ. ನಾಳೆ ಬಾಕಿ ವಸೂಲಿಗೆ ಅರ್ಜಿ ಹಾಕುವಾಗ ಯಾವ ತಿಂಗಳದ್ದು ಬಂತು, ಯಾವುದು ಬರಲಿಲ್ಲ ಎಂದು ಪಾಸ್‌ಬುಕ್ಕೇ ಹೇಳಬೇಕು.